ಗರಡಿಗೆ ಇಳಿದವರಿಗೆ ಏನಾಗುತ್ತೆ?

(ಯುವಜನರ ಸಂಜೆ ಆರಾಧನೆಯ ಸಂದೇಶ, ಬರಹರೂಪದಲ್ಲಿ. ವಾಕ್ಯಭಾಗ: ಇಬ್ರಿಯರಿಗೆ 5:11–14, 1 ತಿಮೊಥೆಯನಿಗೆ 4:7–8)

ಕೂತ್ಕೊಳ್ಳಿ. ಬೈಬಲ್ ತಂದಿರೋರು ಬೈಬಲ್ ತೆಗೀರಿ. ಫೋನಲ್ಲಿ ಓದೋರು ಮೊದಲು ನೆಟ್ ಆಫ್ ಮಾಡಿ, ಆಮೇಲೆ ತೆಗೀರಿ. ಯಾಕೆ ಅಂತ ಇನ್ನು ಸ್ವಲ್ಪ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ.

ಇವತ್ತಿನ ಸಂದೇಶ ಶುರು ಮಾಡೋ ಮುಂಚೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಕೆಲವು ವಾರಗಳ ಹಿಂದೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಹೆಸರು ಮಾತ್ರ ಹೇಳಲ್ಲ. ಅವನು ಅಂದ: "ಪಾಸ್ಟರ್, ನಾಲ್ಕು ಯೂತ್ ಕ್ಯಾಂಪ್‌ಗೆ ಬಂದಿದ್ದೀನಿ. ನಾಲ್ಕು ಸಲವೂ ಮುಂದೆ ಬಂದು ಮೊಣಕಾಲೂರಿ ಅತ್ತಿದ್ದೀನಿ. ನೀವೇ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ದೀರಿ. ಭಾನುವಾರ ಬಿಡುಗಡೆ, ಮಂಗಳವಾರ ರಾತ್ರಿಗೆ ಮತ್ತೆ ಅದೇ ಫೋನು, ಅದೇ ಪಾಪ. ಹಾಗಾದ್ರೆ ದೇವರು ನನ್ನನ್ನ ಮುಟ್ಟಿದ್ದು ಸುಳ್ಳಾ, ಇಲ್ಲ ನಾನೇ ಸುಳ್ಳಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು ತಮ್ಮಾ" ಅಂದೆ. ಎಲ್ಲರೂ ಹೇಳೋದು ಅದೇ ಅಲ್ವಾ. ಅವನು ತಲೆ ಅಲ್ಲಾಡಿಸಿ ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ನಾಲ್ಕು ಸಲ ನಾನು ಅವನನ್ನ ಮುಂದೆ ಕರೆದಿದ್ದೆ, ಆದರೆ ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಒಂದು ಸಲವೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಆವತ್ತೇ ಕೊಡಬೇಕಾಗಿದ್ದ ಉತ್ತರವನ್ನ ಇವತ್ತು ತಡವಾಗಿ ಕೊಡ್ತಿದ್ದೀನಿ.

1 ತಿಮೊಥೆ 4ನೇ ಅಧ್ಯಾಯ, 7ನೇ ವಚನ ನೋಡಿ. ಪೌಲನು ತಿಮೊಥೆಗೆ ಭಕ್ತಿಯ ವಿಷಯದಲ್ಲಿ ಸಾಧನೆ ಮಾಡು ಅಂತಾನೆ. ಈ "ಸಾಧನೆ" ಅನ್ನೋ ಪದವನ್ನ ನಾವು ಕೆಡಿಸಿಬಿಟ್ಟಿದ್ದೀವಿ. ಇವತ್ತು ಸಾಧನೆ ಅಂದ್ರೆ ಕಪ್ಪು, ಮೆಡಲ್ಲು, ಪೇಪರಲ್ಲಿ ಫೋಟೋ. ಆದರೆ ಸಂಗೀತ ಕಲಿಯೋರನ್ನ ಕೇಳಿ, ಬೆಳಗಿನ ಜಾವ ಎದ್ದು ಅದೇ ಸರಳೆ ವರಸೆ ನೂರು ಸಲ ಹಾಡೋದಕ್ಕೆ ಸಾಧನೆ ಅಂತಾರೆ. ಗರಡಿ ಮನೆಯಲ್ಲಿ ಬೆವರು ಸುರಿಸಿ ಸಾಮು ಮಾಡೋದೂ ಸಾಧನೆಯೇ. ಫಲಕ್ಕೂ ಅದರ ಹಿಂದಿನ ಬೆವರಿಗೂ ಕನ್ನಡದಲ್ಲಿ ಒಂದೇ ಪದ ಇದೆ. ನಾವು ಫಲ ಇಟ್ಟುಕೊಂಡು ಬೆವರನ್ನ ಬಿಟ್ಟಿದ್ದೀವಿ.

ಪೌಲ ಬರೆದ ಗ್ರೀಕ್ ಪದ "ಗುಮ್ನಾಜೋ". ಜಿಮ್, ಜಿಮ್ನಾಸಿಯಂ ಅಂತೀವಲ್ಲ, ಅದೂ ಇದೇ ಮನೆತನದ ಪದ. ಮೂಲದಲ್ಲಿ "ಗುಮ್ನೋಸ್" ಅಂದ್ರೆ ಬೆತ್ತಲೆ. ಗ್ರೀಕ್ ಕ್ರೀಡಾಪಟುಗಳು ಬಟ್ಟೆ ಎಲ್ಲಾ ತೆಗೆದಿಟ್ಟು ಅಭ್ಯಾಸ ಮಾಡ್ತಿದ್ರು. ನಾಚಿಕೊಳ್ಳಬೇಡಿ, ನಮ್ಮ ಪೈಲ್ವಾನರೂ ಲಂಗೋಟಿ ಮೇಲೇ ಮಟ್ಟಿಗೆ ಇಳಿಯೋದು! ಆದ್ದರಿಂದ ನನ್ನ ಮಟ್ಟಿಗೆ ಈ ವಚನದ ಒಳ್ಳೇ ಕನ್ನಡ ಅಂದ್ರೆ, "ತಿಮೊಥೆಯೇ, ಭಕ್ತಿಯ ಗರಡಿಗೆ ಇಳಿ" ಅಂತ.

ಪೌಲನಿಗೆ ಇದು ಪುಸ್ತಕದ ಮಾತಲ್ಲ. ಅವನು ಒಂದೂವರೆ ವರ್ಷ ಇದ್ದ ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೀತಿದ್ವು. ಗೆದ್ದವರಿಗೆ ಸಿಗ್ತಿದ್ದದ್ದು ಎಲೆಯ ಕಿರೀಟ, ಒಂದು ಕಾಲದಲ್ಲಿ ಪೈನ್ ಮರದ್ದು, ಇನ್ನೊಂದು ಕಾಲದಲ್ಲಿ ಒಣಗಿದ ಸೆಲರಿ ಸೊಪ್ಪಿನದು. 1 ಕೊರಿಂಥ 9ರಲ್ಲಿ ಬಾಡಿಹೋಗುವ ಕಿರೀಟ ಅಂತಾನಲ್ಲ, ಅದು ಇದೇ. ಇನ್ನು ಒಲಿಂಪಿಯಾದಲ್ಲಿ ಸ್ಪರ್ಧಿಗಳು ಪೂರ್ತಿ ಹತ್ತು ತಿಂಗಳು ತರಬೇತಿ ಮಾಡಿದ್ದೀವಿ ಅಂತ ಮೊದಲು ಪ್ರಮಾಣ ಮಾಡಬೇಕಿತ್ತು. ಮೈಯಲ್ಲಿ ಎಷ್ಟೇ ಶಕ್ತಿ ಇರಲಿ, ಹತ್ತು ತಿಂಗಳ ಲೆಕ್ಕ ಕೊಡದೆ ಕಣಕ್ಕೆ ಇಳಿಯೋ ಹಾಗಿರಲಿಲ್ಲ.

ಈ ಗುಮ್ನಾಜೋ ಅನ್ನೋ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರೋದು ನಾಲ್ಕೇ ನಾಲ್ಕು ಸಲ. ತಿಮೊಥೆಗೆ ಬರೆದದ್ದರಲ್ಲಿ ಒಂದು. ಇಬ್ರಿಯರಿಗೆ 5:14, ಇಬ್ರಿಯರಿಗೆ 12:11. ನಾಲ್ಕನೆಯದು 2 ಪೇತ್ರ 2:14. ತಿಮೊಥೆಗೆ ಹೇಳುವಾಗ ಅದು ಆಜ್ಞೆ, ಮಾಡ್ತಾ ಇರು ಅಂತ. ಉಳಿದ ಮೂರು ಕಡೆಯೂ ಬೇರೆ ರೂಪ. ಹಿಂದೆ ಮಾಡಿದ ಕೆಲಸದ ಫಲ ಈಗಲೂ ನಿಂತಿದೆ ಅನ್ನುವಾಗ ಗ್ರೀಕಿನಲ್ಲಿ ಬಳಸೋ ರೂಪ ಅದು. "ತರಬೇತಿ ಆಗಿ, ಹಾಗೇ ಆಗಿಹೋಗಿರುವ" ಅನ್ನೋ ಅರ್ಥ. ಅಂದ್ರೆ ಅಭ್ಯಾಸ ಮಾಡಿ ಮುಗಿಸಿ ಎದ್ದು ಹೋದ ಮೇಲೂ ಅದು ಮನುಷ್ಯನೊಳಗೆ ಏನನ್ನೋ ಉಳಿಸಿಹೋಗುತ್ತೆ. ಏನನ್ನ ಉಳಿಸುತ್ತೆ? ಇವತ್ತು ನಾವು ನೋಡಬೇಕಾಗಿರೋದು ಅದನ್ನೇ.

ಮೊದಲು ಇಬ್ರಿಯರಿಗೆ 5. ಈ ವಿಶ್ವಾಸಿಗಳು ಹೊಸಬರಲ್ಲ. ಇಷ್ಟು ಹೊತ್ತಿಗೆ ಬೇರೆಯವರಿಗೆ ಬೋಧಿಸಬೇಕಾಗಿತ್ತು, ಆದರೆ ಇನ್ನೂ ಹಾಲು ಕುಡಿಯೋ ಕೂಸುಗಳಾಗಿದ್ದೀರಿ ಅಂತ ಬರೆದವನು ಬೈತಾನೆ. ಹಾಗಾದ್ರೆ ದೊಡ್ಡವರು ಯಾರು? ತುಂಬಾ ವರ್ಷದಿಂದ ಸಭೆಗೆ ಬರೋರಾ? ವಾಕ್ಯ ಚೆನ್ನಾಗಿ ಗೊತ್ತಿರೋರಾ? ಅವನು ಹಾಗೆ ಹೇಳಲ್ಲ. ಅಭ್ಯಾಸದಿಂದ ಇಂದ್ರಿಯಗಳು ಪಳಗಿ, ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಅಂತ ಗುರುತಿಸಬಲ್ಲವರು ದೊಡ್ಡವರು ಅಂತಾನೆ. ಇಂದ್ರಿಯಗಳು, ಗಮನಿಸಿ. ಕಣ್ಣು, ಕಿವಿ, ನಾಲಿಗೆ. ಮನೆಯಲ್ಲಿ ಹಾಲು ಕೆಟ್ಟಿದೆಯಾ ಅಂತ ನಾವು ಪ್ಯಾಕೆಟ್ ಮೇಲಿನ ತಾರೀಖು ಹುಡುಕ್ತೀವಿ. ಅಮ್ಮ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಹೇಳ್ತಾರೆ, ಯೋಚನೆ ಮಾಡಿ ಹೇಳೋದಲ್ಲ ಅದು. ಇಪ್ಪತ್ತು ಮೂವತ್ತು ವರ್ಷ ಅಡುಗೆಮನೆಯಲ್ಲಿ ಅವರ ಮೂಗು ಪಳಗಿದೆ. ತರಬೇತಿಯಿಂದ ಆಗೋ ಮೊದಲ ಬದಲಾವಣೆ ಇಂಥದ್ದೇ. ಶೋಧನೆ ಮನೆಯೊಳಗೆ ಬಂದು ಕೂತ ಮೇಲೆ ಅಲ್ಲ, ಬಾಗಿಲಲ್ಲಿ ಇರುವಾಗಲೇ ವಾಸನೆ ಹಿಡಿಯೋದು. "ಸುಮ್ನೆ ಐದು ನಿಮಿಷ ನೋಡ್ತೀನಿ" ಅನ್ನೋ ಮಾತು ನಿಮ್ಮ ಮನಸ್ಸಿನಲ್ಲಿ ಬಂದಾಗಲೇ, ಇದು ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ ಗೊತ್ತಾಗೋದು.

ಅಭ್ಯಾಸದಿಂದ ನಿಜವಾಗಿ ಒಳಗೆ ಏನಾದ್ರೂ ಬದಲಾಗುತ್ತಾ, ಇಲ್ಲ ಇದು ಬರೀ ಮಾತಾ? ಇಂಜಿನಿಯರಿಂಗ್ ಓದಿರೋರು ತುಂಬಾ ಜನ ಕೂತಿದ್ದೀರಿ, ಹಾಗಾಗಿ ಒಂದು ಅಧ್ಯಯನ ಹೇಳ್ತೀನಿ. ಲಂಡನ್ ನಗರದಲ್ಲಿ ಕಪ್ಪು ಟ್ಯಾಕ್ಸಿ ಓಡಿಸೋ ಲೈಸೆನ್ಸ್ ಬೇಕಾದ್ರೆ "ದಿ ನಾಲೆಡ್ಜ್" ಅನ್ನೋ ಪರೀಕ್ಷೆ ಪಾಸಾಗಬೇಕು. ಚೇರಿಂಗ್ ಕ್ರಾಸ್ ಅನ್ನೋ ಜಾಗದಿಂದ ಸುತ್ತ ಆರು ಮೈಲಿ, ಸುಮಾರು 25,000 ರಸ್ತೆ, ಮ್ಯಾಪ್ ಇಲ್ಲದೆ ಬಾಯಲ್ಲಿ ಇರಬೇಕು. ಮೂರು ನಾಲ್ಕು ವರ್ಷ ಹಿಡಿಯುತ್ತೆ. (ನಾವು ಮ್ಯಾಪ್ ಹಾಕ್ಕೊಂಡೂ ಚಿಕ್ಕಮ್ಮನ ಮನೆಗೆ ದಾರಿ ತಪ್ಪೋರು!) ಎಲಿನರ್ ಮಗ್ವೈರ್ ಅನ್ನೋ ವಿಜ್ಞಾನಿ ಮತ್ತು ಅವರ ತಂಡ 2000ರಲ್ಲಿ ಈ ಡ್ರೈವರ್‌ಗಳ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ರು. ದಾರಿ, ಜಾಗ ನೆನಪಿಡೋ ಹಿಪ್ಪೊಕ್ಯಾಂಪಸ್ ಅನ್ನೋ ಭಾಗದ ಹಿಂಬದಿ ಬೇರೆಯವರಿಗಿಂತ ದೊಡ್ಡದಾಗಿತ್ತು. ಆಗ ಜನ ಕೇಳಿದ್ರು, ಅಂಥ ಮೆದುಳು ಇರೋರೇ ಡ್ರೈವರ್ ಆಗಿರಬಹುದಲ್ವಾ? ನಮ್ಮಲ್ಲೂ ಹೇಳ್ತೀವಲ್ಲ, "ಅವನು ಹುಟ್ಟಿದಾಗಿಂದಲೇ ಪ್ರಾರ್ಥನಾವೀರ, ನನ್ನಂಥೋರಿಗೆ ಆಗಲ್ಲ" ಅಂತ. ಅದಕ್ಕೇ ಅವರು ತರಬೇತಿಗೆ ಸೇರಿದ 79 ಜನರನ್ನ ಮೊದಲಿಂದಲೇ ಹಿಂಬಾಲಿಸಿದ್ರು. ಶುರುವಿನಲ್ಲಿ ಮೆದುಳಿನಲ್ಲಿ ಯಾರಿಗೂ ವ್ಯತ್ಯಾಸ ಇರಲಿಲ್ಲ. ವರ್ಷಗಳಾದ ಮೇಲೆ 39 ಜನ ಪಾಸಾದ್ರು. 2011ರಲ್ಲಿ ಫಲಿತಾಂಶ ಪ್ರಕಟವಾಯ್ತು: ಆ ಭಾಗ ಬೆಳೆದಿದ್ದು ಪಾಸಾದವರಲ್ಲಿ ಮಾತ್ರ. ಸೇರಿ ಪಾಸಾಗದೇ ಉಳಿದವರಲ್ಲಿ ಇಲ್ಲ. ಪಾಸಾದವರು ವಾರಕ್ಕೆ ಕೊಟ್ಟ ಗಂಟೆಗಳೂ ಪಾಸಾಗದವರ ಸುಮಾರು ಎರಡರಷ್ಟು.

ಹೆಸರು ಬರೆಸಿದ್ರಿಂದ ಏನೂ ಬದಲಾಗಲಿಲ್ಲ, ನೋಡಿ. ದಿನಾ ರಸ್ತೆ ರಸ್ತೆ ಸುತ್ತಿದವರಲ್ಲಿ ಬದಲಾಯ್ತು. ಇನ್ನೊಂದು ಮಾತನ್ನೂ ಅಧ್ಯಯನ ಹೇಳಿತು, ಅದನ್ನ ಮುಚ್ಚಿಡೋದು ಸರಿಯಲ್ಲ. ಪಾಸಾದವರು ಇನ್ನೊಂದು ಬಗೆಯ ನೆನಪಿನ ಪರೀಕ್ಷೆಯಲ್ಲಿ, ಒಂದು ಜಟಿಲವಾದ ಚಿತ್ರ ನೋಡಿ ಸ್ವಲ್ಪ ಹೊತ್ತಿನ ಮೇಲೆ ನೆನಪಿಂದ ಬರೆಯೋದರಲ್ಲಿ, ಸ್ವಲ್ಪ ಹಿಂದೆ ಬಿದ್ದರು. ತರಬೇತಿಗೆ ಬೆಲೆ ಇದೆ. ಎಲ್ಲವನ್ನೂ ಇಟ್ಟುಕೊಂಡು ಭಕ್ತಿಯನ್ನೂ ಸೇರಿಸಿಕೊಳ್ಳೋದು ಆಗಲ್ಲ. ಗರಡಿಗೆ ಇಳಿಯೋನು ಬಟ್ಟೆ ಬಿಚ್ಚಿಡಲೇಬೇಕು.

ಈಗ ನಾಲ್ಕನೇ ವಚನಕ್ಕೆ ಬರ್ತೀನಿ. ಇದು ನನ್ನನ್ನ ಹೆದರಿಸಿದ ವಚನ. 2 ಪೇತ್ರ 2:14ರಲ್ಲಿ ಪೇತ್ರ ಸುಳ್ಳುಬೋಧಕರ ಬಗ್ಗೆ ಬರೀತಾನೆ. ಅವರ ಹೃದಯ ದುರಾಶೆಯಲ್ಲಿ ಪಳಗಿದೆ ಅಂತಾನೆ. ಅದೇ ಗುಮ್ನಾಜೋ! ಅದೇ ಗರಡಿಯ ಪದ. ದುರಾಶೆಗೂ ಒಂದು ಗರಡಿ ಇದೆ, ಅಲ್ಲೂ ದಿನಾ ಸಾಮು ಮಾಡ್ತಾರೆ, ಅಲ್ಲೂ ಫಲ ಸಿಗುತ್ತೆ. ಅಂದ್ರೆ ತರಬೇತಿ ಇಲ್ಲದ ಮನುಷ್ಯ ಅಂತ ಯಾರೂ ಇಲ್ಲ. "ನಾನು ಇನ್ನೂ ಶುರು ಮಾಡಿಲ್ಲ ಪಾಸ್ಟರ್" ಅಂತೀರಿ. ತಮ್ಮಾ, ನಿನ್ನ ತರಬೇತಿ ಯಾವಾಗಲೋ ಶುರುವಾಗಿದೆ. ಕೋಚ್ ಯಾರು ಅಂತ ಮಾತ್ರ ನೀನು ನೋಡಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿ ಒಂದು ಗಂಟೆ ತನಕ ಹೆಬ್ಬೆರಳು ಮೇಲೆ ಕೆಳಗೆ ಆಡಿಸ್ತೀಯಲ್ಲ, ಅದು ಎರಡು ಗಂಟೆಯ ವ್ಯಾಯಾಮ. ವರ್ಷಕ್ಕೆ ಎಷ್ಟಾಯ್ತು? 730 ಗಂಟೆ. ಭಾನುವಾರದ ಆರಾಧನೆ ಎರಡು ಗಂಟೆ ಅಂದ್ರೂ ವರ್ಷಕ್ಕೆ 104. ಯಾವ ಕೋಚ್ ಗೆಲ್ತಾನೆ ಅಂತ ಲೆಕ್ಕ ಹಾಕೋಕೆ ಪ್ರವಾದಿ ಬೇಕಾಗಿಲ್ಲ.

ಆ ತಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು ನನಗೆ. ದೇವರು ಅವನನ್ನ ಮುಟ್ಟಿದ್ದು ಸುಳ್ಳಲ್ಲ. ಅವನೂ ಸುಳ್ಳಲ್ಲ. ಕ್ಯಾಂಪಿನಲ್ಲಿ ಕರ್ತನು ಬಾಗಿಲು ತೆಗೆದ, ಸಂಕೋಲೆ ಬಿಚ್ಚಿದ. ಆದರೆ ಆರು ವರ್ಷ ಒಂದೇ ದಾರಿಯಲ್ಲಿ ನಡೆದ ಕಾಲು ಹೊರಗೆ ಬಂದ ಕೂಡಲೇ ಅದೇ ದಾರಿ ಹಿಡೀತು. ಇಸ್ರಾಯೇಲ್ಯರು ಐಗುಪ್ತದಿಂದ ಒಂದೇ ರಾತ್ರಿಯಲ್ಲಿ ಹೊರಬಂದ್ರು. ಮಾಂಸದ ಪಾತ್ರೆ, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅತ್ತಿದ್ದು ಎಷ್ಟು ದಿನ? ಅದಕ್ಕೇ ಮನ್ನ ದಿನಾ ಬಿತ್ತು. ದೇವರಿಗೆ ಒಂದೇ ಸಲ ಒಂದು ವರ್ಷದ್ದು ಕೊಡೋಕೆ ಆಗ್ತಿರಲಿಲ್ವಾ? ದಿನಾ ಬೆಳಿಗ್ಗೆ ಎದ್ದು ಕೂಡಿಸಿಕೊಳ್ಳೋದೇ ಅವರ ಪಾಠ ಆಗಿತ್ತು.

ಇಲ್ಲಿ ಯಾರೋ ಕೇಳ್ತೀರಿ, ನಾವು ಪೆಂತೆಕೊಸ್ತರು, ಪವಿತ್ರಾತ್ಮನ ಅಭಿಷೇಕ ನಂಬೋರು, ಇದೆಲ್ಲ ಸ್ವಂತ ಪ್ರಯತ್ನ ಅಲ್ವಾ, ಮಾಂಸಭಾವ ಅಲ್ವಾ ಅಂತ. ನಾನೂ ವರ್ಷಗಟ್ಟಲೆ ಹಾಗೇ ಪ್ರಸಂಗ ಮಾಡಿದ್ದೀನಿ. ತೀತ 2:11–12 ಮನೆಗೆ ಹೋಗಿ ನಿಧಾನವಾಗಿ ಓದಿ. ನಮಗೆ ರಕ್ಷಣೆ ತಂದ ಕೃಪೆಯೇ ನಮ್ಮನ್ನ ತರಬೇತು ಮಾಡುತ್ತೆ, ಬೇಡ ಅನ್ನೋದನ್ನ ಕಲಿಸುತ್ತೆ ಅಂತ ಅಲ್ಲಿದೆ. ಮಗುವನ್ನ ತಿದ್ದಿ ತೀಡಿ ಬೆಳೆಸೋದಕ್ಕೆ ಗ್ರೀಕರು ಬಳಸ್ತಿದ್ದ ಪದ ಅದು. ಇಬ್ರಿಯ 12ರಲ್ಲೂ ಅದೇ ಮನೆತನದ ಪದ, ನಮ್ಮ ಬೈಬಲಿನಲ್ಲಿ "ಶಿಕ್ಷೆ" ಅಂತ ಬಂದಿದೆ. ಶಿಕ್ಷೆ ಅಂದ ಕೂಡಲೇ ನಮಗೆ ಬೆತ್ತ ನೆನಪಾಗುತ್ತೆ. ಆದರೆ ಶಿಕ್ಷಕ, ಶಿಕ್ಷಣ ಎಲ್ಲ ಅದೇ ಬೇರಿನಿಂದ ಬಂದದ್ದು. ಕಲಿಸೋದು ಅದರ ಮೊದಲ ಅರ್ಥ. ಆ ಅಧ್ಯಾಯದ 11ನೇ ವಚನದಲ್ಲಿ ಕಷ್ಟ ಬಂದವರಿಗೆಲ್ಲ ಸಮಾಧಾನದ ಫಲ ಸಿಗುತ್ತೆ ಅಂತ ಇಲ್ಲ, ಅದರಿಂದ ಪಳಗಿದವರಿಗೆ ಸಿಗುತ್ತೆ ಅಂತ ಇದೆ. ಅದೂ ಆಮೇಲೆ, ಆಗಲೇ ಅಲ್ಲ.

ಈ "ಆಮೇಲೆ" ಅನ್ನೋದೇ ಕಷ್ಟ. ಎರಡು ವರ್ಷದ ಹಿಂದೆ ಡಾಕ್ಟರ್ ನನಗೆ ಸಕ್ಕರೆ ಗಡಿಯಲ್ಲಿದೆ, ಓಡಿ ಅಂದ್ರು. ಲಾಲ್‌ಬಾಗ್‌ನಲ್ಲಿ ಓಡೋಕೆ ಶುರು ಮಾಡಿದೆ, ಓಡೋದು ಅನ್ನೋದು ದೊಡ್ಡ ಮಾತು, ಅಜ್ಜಂದಿರು ನನ್ನನ್ನ ದಾಟಿ ನಡ್ಕೊಂಡು ಹೋಗ್ತಿದ್ರು. ಜೊತೆಗೆ ಸ್ವಲ್ಪ ಡಂಬೆಲ್. ಒಂದು ತಿಂಗಳು ಆದ್ರೂ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಆಗ ಕೋಚ್ ಹೇಳಿದ ಮಾತು, ಆಮೇಲೆ ಓದಿಯೂ ನೋಡಿದೆ, ನಿಜ: ಮೊದಲ ವಾರಗಳಲ್ಲಿ ಹೆಚ್ಚೋ ಬಲ ಬಹುಪಾಲು ಮಾಂಸಖಂಡದ್ದಲ್ಲ, ನರಗಳದ್ದು. ಇರೋ ಮಾಂಸಖಂಡವನ್ನ ಒಟ್ಟಾಗಿ ಕೆಲಸಕ್ಕೆ ಕರೆಯೋದನ್ನ ನರಮಂಡಲ ಕಲೀತಾ ಇರುತ್ತೆ. ಖಂಡ ದಪ್ಪ ಆಗೋದು ಆಮೇಲೆ. ಮೊದಲ ಕೆಲಸ ಕಾಣದ ಕಡೆ ನಡೆಯುತ್ತೆ. ಇಪ್ಪತ್ತು ದಿನ ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಿ "ಏನೂ ಅನಿಸ್ತಿಲ್ಲ" ಅಂತ ಬಿಟ್ಟೋರು ಎಷ್ಟು ಜನ ಕೈ ಎತ್ತಿ ನೋಡೋಣ. ಸಾಕು, ಇಳಿಸಿ.

ನಾನೂ ಓಡೋದು ಮಧ್ಯೆ ಬಿಟ್ಟೆ. ಕನ್ವೆನ್ಷನ್, ಮದುವೆಗಳು, ನೆಪಕ್ಕೆ ಬರವಿಲ್ಲ. ಒಂದೇ ತಿಂಗಳಲ್ಲಿ ಮೊದಲಿನ ಏದುಸಿರು ವಾಪಸ್. ದೇಹ ಹಳೇ ಬ್ಯಾಲೆನ್ಸ್ ಮೇಲೆ ತುಂಬಾ ದಿನ ಬದುಕಲ್ಲ.

ಇನ್ನೊಂದು ವಿಷಯವೂ ಆಗ ಕಲಿತೆ. ಯಾವುದನ್ನ ಅಭ್ಯಾಸ ಮಾಡ್ತೀವೋ ಅದೇ ಬೆಳೆಯುತ್ತೆ. ಓಡಿದ್ರೆ ಕಾಲಿಗೂ ಹೃದಯಕ್ಕೂ ಬಲ ಬರುತ್ತೆ, ತೋಳಿಗೆ ಬರಲ್ಲ. ಇದನ್ನ ಸ್ವಲ್ಪ ನೋವಾಗೋ ಹಾಗೆ ಹೇಳ್ತೀನಿ, ಮನಸ್ಸಿಗೆ ತಗೊಳ್ಳಿ. ಆರಾಧನೆಯಲ್ಲಿ ಎರಡು ಗಂಟೆ ಕೈಯೆತ್ತಿ ಹಾಡೋ ಅಭ್ಯಾಸ, ಮನೆಯಲ್ಲಿ ಅಪ್ಪ ಒಂದು ಮಾತು ಜೋರಾಗಿ ಅಂದಾಗ ಬಾಯಿ ಮುಚ್ಚಿಕೊಳ್ಳೋ ಅಭ್ಯಾಸ ಆಗಲ್ಲ. ಅನ್ಯಭಾಷೆಯಲ್ಲಿ ಮಾತಾಡೋ ನಾಲಿಗೆಗೂ ಆಫೀಸಿನಲ್ಲಿ ಚಾಡಿ ಹೇಳದಿರೋದನ್ನ ಬೇರೆಯಾಗಿ ಕಲಿಸಬೇಕು. ನನ್ನ ಹೆಂಡತಿ ಇಲ್ಲೇ ಕೂತಿದ್ದಾಳೆ, ನಗ್ತಿದ್ದಾಳೆ. ಹೌದಮ್ಮ, ನನಗೂ ಸೇರಿಸಿಯೇ ಹೇಳಿದ್ದು.

ದಾನಿಯೇಲನನ್ನ ನೋಡಿ. ಅವನಿಗೆ ಬಾಬೆಲ್ ಮೂರು ವರ್ಷದ ಟ್ರೈನಿಂಗ್ ಕೊಟ್ಟಿತು, ಮೊದಲ ಅಧ್ಯಾಯದಲ್ಲೇ ಇದೆ. ಹೊಸ ಭಾಷೆ, ಹೊಸ ಸಾಹಿತ್ಯ, ರಾಜನ ಊಟ, ಹೊಸ ಹೆಸರು ಕೂಡ. ನಿಮ್ಮ ಕಂಪನಿಯ ಟ್ರೈನಿಂಗ್ ಬ್ಯಾಚ್ ತರಾನೇ, ಹಾಸ್ಟೆಲ್ಲು ಊಟ ಎಲ್ಲ ಫ್ರೀ. ದಾನಿಯೇಲ ಆ ಕೋರ್ಸ್ ಬಿಟ್ಟು ಓಡಲಿಲ್ಲ, ಚೆನ್ನಾಗಿ ಪಾಸೂ ಆದ. ಆದರೆ ಅದರ ಜೊತೆ ತನ್ನದೇ ಇನ್ನೊಂದು ಗರಡಿ ಇಟ್ಟುಕೊಂಡ. ಆರನೇ ಅಧ್ಯಾಯಕ್ಕೆ ಬರುವಾಗ ಅವನಿಗೆ ಎಂಬತ್ತರ ಆಸುಪಾಸು. ಮೂವತ್ತು ದಿನ ರಾಜನನ್ನ ಬಿಟ್ಟು ಯಾರಿಗೂ ಪ್ರಾರ್ಥನೆ ಮಾಡಬಾರದು, ಮಾಡಿದ್ರೆ ಸಿಂಹದ ಗವಿ ಅಂತ ಆಜ್ಞೆ ಆಯ್ತು. ಹತ್ತನೇ ವಚನ: ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆ ತೆರೆದ ಕಿಟಕಿಯ ಮುಂದೆ, ದಿನಕ್ಕೆ ಮೂರು ಸಲ ಮೊಣಕಾಲೂರಿದ, ಮೊದಲು ಮಾಡ್ತಿದ್ದ ಹಾಗೇ. ಆ ಕೊನೇ ಮಾತಿಗೆ ಗೆರೆ ಎಳೀರಿ. ಆವತ್ತು ಅವನು ವಿಶೇಷ ಉಪವಾಸ ಕೂಟ ಇಡಲಿಲ್ಲ, ಧೈರ್ಯ ಕೊಡಿ ಅಂತ ಯಾರನ್ನೂ ಕೇಳಿದ ಹಾಗೆ ಕಾಣಲ್ಲ. ಕಾಲು ತಾನೇ ಮಹಡಿ ಹತ್ತಿತು, ಮೊಣಕಾಲು ತಾನೇ ಬಾಗಿತು. ಅವನನ್ನ ಹಿಡಿಯೋಕೆ ಬಂದವರಿಗೂ ಅವನು ಯಾವ ಹೊತ್ತಿಗೆ ಎಲ್ಲಿರ್ತಾನೆ ಅಂತ ಗೊತ್ತಿತ್ತು! ಸಿಂಹಗಳ ಬಾಯಿ ಮುಚ್ಚಿದ್ದು ದೇವದೂತ, ಅದು ಅದ್ಭುತ, ಹಲ್ಲೆಲೂಯ. ಕಿಟಕಿಯ ಮುಂದೆ ಮೊಣಕಾಲೂರೋದು ಮಾತ್ರ ಅವನಿಗೆ ಎಷ್ಟೋ ವರ್ಷದ ಅಭ್ಯಾಸ.

ಆ ತಮ್ಮನ ಬಗ್ಗೆ ಹೇಳಿ ಮುಗಿಸ್ತೀನಿ. ಮುಂದಿನ ವಾರ ನಾನೇ ಅವನ ರೂಮಿಗೆ ಹೋದೆ, ಕ್ಷಮೆ ಕೇಳಿದೆ. ಇಬ್ಬರೂ ಕೂತು ಒಂದೇ ಒಂದು ಚಿಕ್ಕ ಅಭ್ಯಾಸ ಆರಿಸಿಕೊಂಡ್ವಿ. ರಾತ್ರಿ ಹತ್ತಕ್ಕೆ ಫೋನು ಹಾಲ್‌ನಲ್ಲಿ ಚಾರ್ಜಿಗೆ, ಅವನು ಒಳಗೆ. ಅಲಾರಾಂಗೆ ಒಂದು ಹಳೇ ಗಡಿಯಾರ ತಂದುಕೊಟ್ಟೆ. ಹಾಸಿಗೆ ಪಕ್ಕದಲ್ಲಿ ಫೋನ್ ಇದ್ದ ಜಾಗದಲ್ಲಿ ಪುಸ್ತಕದ ಬೈಬಲ್, ದಿನಕ್ಕೆ ಒಂದು ಕೀರ್ತನೆ, ಬಾಯಿಬಿಟ್ಟು ಓದೋದು. ಬೆಳಿಗ್ಗೆ ನನಗೆ ಒಂದೇ ಮೆಸೇಜ್, "ಆಯ್ತು" ಇಲ್ಲವೇ "ಬಿದ್ದೆ". ಎರಡನೇ ವಾರದ ಗುರುವಾರ "ಬಿದ್ದೆ" ಅಂತ ಬಂತು. ನನಗೆ ಎದೆ ಝಲ್ ಅಂತು, ಮೊದಲೆಲ್ಲ ಒಂದು ಸಲ ಬಿದ್ರೆ ಅವನು ಒಂದು ತಿಂಗಳು ಸಭೆಗೇ ಬರ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಮೆಸೇಜ್ ಬಂತು, "ಆಯ್ತು ಪಾಸ್ಟರ್. ಕೀರ್ತನೆ 12." ಶೋಧನೆ ಹೋಗಿದೆ ಅಂತ ಅವನು ಹೇಳ್ತಿಲ್ಲ. "ಬರೋದು ಈಗ ಮೊದಲೇ ಗೊತ್ತಾಗುತ್ತೆ ಪಾಸ್ಟರ್" ಅಂತಾನೆ. ಇಬ್ರಿಯ 5:14 ನಾನು ಅವನಿಗೆ ಇನ್ನೂ ತೋರಿಸಿರಲಿಲ್ಲ.

ಇವತ್ತು ನಾನು ಯಾರನ್ನೂ ಮುಂದೆ ಕರೆಯಲ್ಲ. ಕೀಬೋರ್ಡ್ ತಮ್ಮ, ನೀನೂ ಕೂತ್ಕೋ ಪರವಾಗಿಲ್ಲ. ಎಲ್ಲರಿಗೂ ಒಂದು ಚೀಟಿ ಬರ್ತಿದೆ. ಒಂದು ಅಭ್ಯಾಸ ಬರೀರಿ, ಎರಡು ಬೇಡ. ಗಂಟೆ ಬರೀರಿ, ಜಾಗ ಬರೀರಿ. ಏನನ್ನ ಬಿಚ್ಚಿಡ್ತೀರಿ ಅಂತ ಬರೀರಿ. ಬೆಳಿಗ್ಗೆ ಯಾರಿಗೆ ಮೆಸೇಜ್ ಮಾಡ್ತೀರಿ ಅಂತ ಬರೆದು, ಅವರು ಇಲ್ಲೇ ಇದ್ರೆ ಈಗಲೇ ಎದ್ದು ಹೋಗಿ ಕೇಳಿ. ಐದು ನಿಮಿಷ ಕೊಡ್ತೀನಿ, ಆಮೇಲೆ ಪ್ರಾರ್ಥನೆ ಮಾಡೋಣ.